ಹದಿನಾಲ್ಕನೇ ಬೆಂಚಿನ ಬಲ ತುದಿ ಖಾಲಿ ಉಳಿದಿರುವ ಕುರಿತು

ಗ್ರೋಹೊಲ್ಮ ದ್ವೀಪ ಪುರಸಭೆ
(ಇಲಾಖೆಯ ಹೆಸರು ಬದಲಾವಣೆಯ ಪರಿಶೀಲನೆಯಲ್ಲಿರುವುದರಿಂದ ನಮೂದಿಸಿಲ್ಲ)

ಸಂಖ್ಯೆ: ಗ್ರೋಪು/ಸೂರ್ಯಾಸ್ತ/ಬೆಂಚು-14/ಸುತ್ತೋಲೆ-7
ದಿನಾಂಕ: ಆಗಸ್ಟ್ 19

ಸುತ್ತೋಲೆ

ವಿಷಯ: ಪ್ರವಾಸಿಗರು ಸೂರ್ಯಾಸ್ತ ನೋಡಲು ಚೆಂದದ ಜಾಗ ಹುಡುಕುವುದು, ಸಿಕ್ಕಿದ ಜಾಗದಲ್ಲಿ ಕೂರದೇ ನಿಲ್ಲುವುದು, ಮತ್ತು ಅವರನ್ನು ಕೂರಿಸುವುದರ ಬಗ್ಗೆ.

ಉಲ್ಲೇಖ:
1. ಈ ಕಛೇರಿಯ ಸುತ್ತೋಲೆ ಸಂಖ್ಯೆ 1ರಿಂದ 6 (ಎಲ್ಲವೂ ಒಳ್ಳೆಯ ಉದ್ದೇಶದಿಂದ ಹೊರಡಿಸಿದವು).
2. ಫಾಲುನ್ ಊರಿನ ಪ್ರವಾಸಿ ಹಿಲ್ಡಿಂಗ್ ಸ್ಯಾಂಡೆಲ್ ಅವರ ದೂರು, ಜುಲೈ 9.
3. ದ್ವೀಪದ ನಿವಾಸಿ, ಈಗ ಮುಚ್ಚಿರುವ ಮೀನಂಗಡಿಯ ಒಡತಿ ಗುನ್ವೊರ್ ಹಾಲ್ಬೆಕ್ ಅವರ ಪತ್ರ, ಜುಲೈ 2 (ಲಕೋಟೆ ಒಡೆದದ್ದು ಆಗಸ್ಟ್ 7).
4. ಆಗಸ್ಟ್ 15ರಿಂದ 18ರವರೆಗಿನ ಪ್ರಾಯೋಗಿಕ ಸಂಜೆಗಳ ವರದಿ.

ಪ್ರಸ್ತಾವನೆ

ಬೇಸಿಗೆಯಲ್ಲಿ ಫೆರಿ ದೋಣಿಯಿಂದ ಇಳಿಯುವ ಪ್ರತಿಯೊಬ್ಬರೂ ಕಟ್ಟೆಯ ಮೇಲೆ ಕಾಲಿಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: ಹೊತ್ತು ಮುಳುಗುವುದನ್ನು ನೋಡಲು ಒಳ್ಳೆಯ ಜಾಗ ಎಲ್ಲಿದೆ. ಈ ಪ್ರಶ್ನೆಗೆ ದ್ವೀಪದ ನಾನೂರ ಹನ್ನೊಂದು ನಿವಾಸಿಗಳೂ ಒಂದೇ ಉತ್ತರ ಕೊಡುತ್ತಾರೆ: ಪಡುವಣ ಬಂಡೆಯ ಮೇಲಿನ ಹದಿನಾಲ್ಕನೇ ಬೆಂಚು. ಬೇರೆ ಯಾವ ವಿಷಯದಲ್ಲೂ ಇವರು ಒಮ್ಮತಕ್ಕೆ ಬಂದ ದಾಖಲೆ ಈ ಕಛೇರಿಯಲ್ಲಿಲ್ಲ.

ಸದರಿ ಬೆಂಚು ಮೂರು ಮೀಟರ್ ಉದ್ದವಿದ್ದು ಐವರು ಕೂರಬಹುದಾಗಿದೆ. ದಪ್ಪ ಉಣ್ಣೆ ಅಂಗಿ ತೊಟ್ಟಿದ್ದಲ್ಲಿ ನಾಲ್ವರು. ಮೇ ತಿಂಗಳಿನಿಂದ ಪ್ರತಿ ಸಂಜೆ ಇದರ ಎಡ ತುದಿಯಲ್ಲಿ ಎಪ್ಪತ್ತನಾಲ್ಕು ವರ್ಷದ ಗುನ್ವೊರ್ ಹಾಲ್ಬೆಕ್ ಅವರು ಕುಳಿತುಕೊಳ್ಳುತ್ತಿದ್ದಾರೆ. ಉಳಿದವರು ಹಿಂದೆ ಸಾಲಾಗಿ ನಿಂತು, ಅವರು ಎದ್ದ ಮೇಲೆ ಕೂರೋಣವೆಂದು ಕಾಯುತ್ತಾರೆ. ಅವರು ಏಳುವುದು ಸೂರ್ಯ ಮುಳುಗಿದ ಮೇಲೆ. ಒಬ್ಬರು ಕುಳಿತಿರುವ ಬೆಂಚು ಭರ್ತಿಯಾದ ಬೆಂಚು ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯವಾದ್ದರಿಂದ ಈ ಬಗ್ಗೆ ಯಾರೂ ತಕರಾರು ಎತ್ತಿರಲಿಲ್ಲ.

ಗುನ್ವೊರ್ ಅವರಿಗೆ ಏಕಾಂತ ಬೇಕಾಗಿದೆ ಎಂದು ಭಾವಿಸಿ ಇಲಾಖೆಯು ಕಾಲಕಾಲಕ್ಕೆ ಕೆಳಕಂಡ ಕ್ರಮಗಳನ್ನು ಕೈಗೊಂಡಿತ್ತು. ಸುತ್ತೋಲೆ 1ರಲ್ಲಿ ಸಾಲಿನಲ್ಲಿ ನಿಂತವರು ಕೆಮ್ಮದಂತೆ ಸೂಚಿಸಲಾಯಿತು. ಸುತ್ತೋಲೆ 2ರ ಮೇರೆಗೆ ಬೆಂಚಿನ ಹಿಂದೆ ನಾಲ್ಕು ಮೀಟರ್ ದೂರದಲ್ಲಿ ಬಿಳಿ ಗೆರೆ ಎಳೆಯಲಾಯಿತು. ಸುತ್ತೋಲೆ 3ರ ಮೇರೆಗೆ, ಮುಚ್ಚಿಹೋದ ಮೀನಂಗಡಿಯಿಂದ ಟೋಕನ್ ಯಂತ್ರವನ್ನು ತಂದು ಗೆರೆಯ ಪಕ್ಕದಲ್ಲಿ ನೆಡಲಾಯಿತು. ಸುತ್ತೋಲೆ 4ರ ಮೇರೆಗೆ ಹಗ್ಗ ಕಟ್ಟಿ, ‘ಆಸನ ಭರ್ತಿಯಾಗಿದೆ, ತೊಂದರೆ ಕೊಡಬೇಡಿ’ ಎಂಬ ಫಲಕ ತೂಗುಹಾಕಲಾಯಿತು. ಸುತ್ತೋಲೆ 5 ಎಂಬುದು ವಾಸ್ತವದಲ್ಲಿ ಸುತ್ತೋಲೆಯಲ್ಲ; ಕಛೇರಿಯು ಜುಲೈ ತಿಂಗಳಿಡೀ ರಜೆಯಲ್ಲಿದೆ ಎಂಬ ಸ್ವಯಂಚಾಲಿತ ಉತ್ತರಕ್ಕೆ ತಪ್ಪಾಗಿ ಸಂಖ್ಯೆ ಬಿದ್ದಿತ್ತು. ಸುತ್ತೋಲೆ 6ರಲ್ಲಿ 5ನ್ನು ಹಿಂಪಡೆಯಲಾಯಿತು. ಹಾಗೆ ಹಿಂಪಡೆದಿದ್ದರಿಂದ ಜುಲೈನಲ್ಲಿ ರಜೆ ಇರಲೇ ಇಲ್ಲವೆಂದಾಗಿ, ಸಿಬ್ಬಂದಿಯವರು ಇನ್ನೊಂದು ರಜೆ ಕೇಳಿ ಅರ್ಜಿ ಸಲ್ಲಿಸಿದ್ದಾರೆ.

ರಜೆ ಮುಗಿಸಿ ಬಂದು, ಕೂಡಿಬಿದ್ದಿದ್ದ ಅಂಚೆಯನ್ನು ಎತ್ತರದ ಪ್ರಕಾರ ಜೋಡಿಸಿ ಆಗಸ್ಟ್ 7ರಂದು ಒಡೆಯಲಾಗಿ, ಉಲ್ಲೇಖ 3ರ ಪತ್ರವು ಹೊರಬಿದ್ದಿದೆ. ಅದರ ಸಂಬಂಧಿತ ಭಾಗವನ್ನು ಯಥಾವತ್ತಾಗಿ ಕೆಳಗೆ ಕೊಟ್ಟಿದೆ:

“ಬೆಂಚಿನ ಎಡಗಡೆ ನಾನು ಕೂತ್ಕೋತೀನಿ. ಬಲಗಡೆ ಮೂವತ್ತು ವರ್ಷ ಸಿಗ್ನೆ ಕೂರ್ತಿದ್ಲು. ಅಂಗಡಿ ನಮ್ಮಿಬ್ರದ್ದೂ. ಬಾಗಿಲು ಹಾಕಿ ಕೈ ತೊಳ್ಕೊಂಡು ಸೀದಾ ಅಲ್ಲಿಗೇ ಹೋಗ್ತಿದ್ವಿ. ಇಬ್ರಿಗೂ ಮೀನಿನ ವಾಸನೆ ಇರ್ತಿತ್ತು, ಅದಕ್ಕೇ ಒಬ್ರಿಗೊಬ್ರು ಏನೂ ಅನ್ನೋ ಹಾಗಿರ್ಲಿಲ್ಲ. ಅವಳು ಹೋಗಿ ಎರಡು ಚಳಿಗಾಲ ಆಯ್ತು. ಈ ವರ್ಷ ಧೈರ್ಯ ಮಾಡಿ ಮತ್ತೆ ಹೋಗೋಕೆ ಶುರು ಮಾಡ್ದೆ. ತುದೀಲೇ ಕೂತು ಪಕ್ಕದಲ್ಲಿ ಜಾಗ ಬಿಟ್ಟಿರ್ತೀನಿ, ಯಾರಾದ್ರೂ ಬಂದು ಕೂರ್ಲಿ ಅಂತ. ಹಿಂದೆ ಅಷ್ಟೊಂದು ಜನ ನಿಂತಿರ್ತಾರೆ, ಉಸಿರಾಡೋದೂ ಕೇಳ್ಸುತ್ತೆ. ಒಬ್ರೂ ಬರಲ್ಲ. ನೀವು ನೋಡಿದ್ರೆ ಗೆರೆ ಎಳೆದ್ರಿ, ಆಮೇಲೆ ಹಗ್ಗ ಕಟ್ಟಿದ್ರಿ. ನಾನೇನು ಹಸಿ ಪೇಂಟಾ? ನನ್ನಿಂದ ತಪ್ಪಾಗಿದ್ರೆ ಹೇಳಿ. ಇಲ್ದಿದ್ರೆ ದಯವಿಟ್ಟು ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸಿ. ಸೆಪ್ಟೆಂಬರ್ ಒಳಗೆ ಆದ್ರೆ ಒಳ್ಳೇದು.”

ಸೆಪ್ಟೆಂಬರ್ ಎಂದು ನಮೂದಿಸಿರುವ ಬಗ್ಗೆ ಪರಿಶೀಲಿಸಲಾಗಿದೆ. ಸೂರ್ಯನು ದಿನದಿನಕ್ಕೆ ಎಡಕ್ಕೆ ಸರಿಯುತ್ತಿದ್ದು, ಸೆಪ್ಟೆಂಬರ್ 9ರಿಂದ ಎದುರಿನ ನಡುಗಡ್ಡೆಯ ಮೀನು ಹೊಗೆಹಾಕುವ ಮನೆಯ ಹಿಂದೆ ಮುಳುಗತೊಡಗುತ್ತಾನೆ. ಅಲ್ಲಿಂದ ಏಪ್ರಿಲ್‌ವರೆಗೆ ಹದಿನಾಲ್ಕನೇ ಬೆಂಚಿನಿಂದ ಕಾಣುವುದು ಆ ಮನೆಯ ಹಿಂಗೋಡೆ ಮಾತ್ರ. ಸೂರ್ಯನಿಗೆ ಈ ಬಗ್ಗೆ ಪತ್ರ ಬರೆಯುವ ಅಧಿಕಾರ ಪುರಸಭೆಗಿಲ್ಲ. ಆದ್ದರಿಂದ ಈ ದಿನದಿಂದ ಲೆಕ್ಕ ಹಿಡಿದರೆ ಇಪ್ಪತ್ತೊಂದು ಸಂಜೆಗಳು ಮಾತ್ರ ಬಾಕಿ ಇವೆ. ಈ ಅವಧಿಯೊಳಗೆ ಒಬ್ಬರಾದರೂ ಹೋಗಿ ಆಕೆಯ ಪಕ್ಕ ಕೂರಬೇಕಾಗಿದೆ. ವಿಷಯ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಸುತ್ತೋಲೆ ಎನಿಸಿಕೊಳ್ಳದ ಕಾರಣ, ಪ್ರವಾಸಿಗರು, ನಿವಾಸಿಗಳು ಮತ್ತು ಸಿಬ್ಬಂದಿಯ ಗಮನಕ್ಕಾಗಿ ಕೆಳಕಂಡ ಅಂಶಗಳನ್ನು ಈ ಮೂಲಕ ಸೂಚಿಸಲಾಗಿದೆ.

1. ಜಾಗದ ದಾರಿ ಹೇಳುವ ಬಗ್ಗೆ

ಸೂರ್ಯಾಸ್ತದ ಜಾಗ ಕೇಳುವವರಿಗೆ ನಿವಾಸಿಗಳು ಗಲ್ಲದಿಂದ ದಿಕ್ಕು ತೋರಿಸುವ ಪದ್ಧತಿಯನ್ನು ಕೈಬಿಡತಕ್ಕದ್ದು. ‘ಅಲ್ಲೇ ಸ್ವಲ್ಪ ಮುಂದೆ’ ಎಂಬ ಉತ್ತರವನ್ನು ನಿಷೇಧಿಸಲಾಗಿದೆ. ಅಳತೆ ಮಾಡಿಸಲಾಗಿ, ಈ ‘ಸ್ವಲ್ಪ ಮುಂದೆ’ ಎಂಬುದು ಇನ್ನೂರು ಮೀಟರಿನಿಂದ ಎರಡೂವರೆ ಕಿಲೋಮೀಟರಿನವರೆಗೆ ಹಿಗ್ಗುತ್ತದೆ ಎಂದು ಕಂಡುಬಂದಿದೆ.

ಉಲ್ಲೇಖ 2ರ ದೂರುದಾರರಾದ ಸ್ಯಾಂಡೆಲ್ ಅವರು ಸಂಸಾರ ಸಮೇತ ಹೀಗೆ ಸ್ವಲ್ಪ ಮುಂದೆ ಹೋಗಿ, ದೋಣಿ ರಿಪೇರಿ ಶೆಡ್ಡಿನ ಹಿಂಬದಿಗೆ ತಲುಪಿ, ಅಲ್ಲಿನ ಹಳದಿ ದೀಪವನ್ನು ಇಪ್ಪತ್ತು ನಿಮಿಷ ನೋಡಿ ಬಂದಿದ್ದಾರೆ. ದೂರಿನಲ್ಲಿ ಅವರು, “ಬೇಜಾರೇನಿಲ್ಲ, ಚೆನ್ನಾಗೇ ಇತ್ತು. ಆದ್ರೆ ಎಷ್ಟು ಹೊತ್ತಾದ್ರೂ ಮುಳುಗ್ಲಿಲ್ಲ” ಎಂದು ತಿಳಿಸಿರುತ್ತಾರೆ. ದೀಪವನ್ನು ಇನ್ನು ಮುಂದೆ ನಿಗದಿತ ಸಮಯಕ್ಕೆ ಆರಿಸಲು ಶೆಡ್ಡಿನವರಿಗೆ ತಿಳಿಸಲಾಗಿದೆ.

2. ಜಾಗಗಳ ವರ್ಗೀಕರಣ

ದ್ವೀಪದ ಸೂರ್ಯಾಸ್ತದ ಜಾಗಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಲಾಗಿದೆ.
(ಅ) ಸೂರ್ಯನೂ ಸಮುದ್ರವೂ ಎರಡೂ ಕಾಣುವ ಜಾಗ.
(ಆ) ಸೂರ್ಯ ಕಾಣುವ, ಸಮುದ್ರ ಇದೆಯೆಂದು ನಂಬಬೇಕಾದ ಜಾಗ.
(ಇ) ಎರಡೂ ಕಾಣದ, ಆದರೆ ‘ನೀವು ನಿನ್ನೆ ಬರ್ಬೇಕಿತ್ತು’ ಎಂದು ಹೇಳಲು ಒಬ್ಬ ನಿವಾಸಿ ನಿಂತಿರುವ ಜಾಗ.

ಇ ದರ್ಜೆಯ ಜಾಗಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದು ಕಳವಳದ ಸಂಗತಿ. ನಿನ್ನೆಯ ಸೂರ್ಯಾಸ್ತವನ್ನು ಹೊಗಳಿ ಇವತ್ತು ಬಂದವರ ಹೊಟ್ಟೆ ಉರಿಸುವುದನ್ನು ನಿವಾಸಿಗಳು ಕೂಡಲೇ ನಿಲ್ಲಿಸತಕ್ಕದ್ದು. ನಿನ್ನೆಯ ಬಗ್ಗೆ ಹೇಳಲೇಬೇಕೆಂಬ ಒತ್ತಡ ಉಂಟಾದಲ್ಲಿ, ನಿನ್ನೆಯೂ ಮೋಡವಿತ್ತೆಂದು ಹೇಳತಕ್ಕದ್ದು. ಇದು ಬಹುಮಟ್ಟಿಗೆ ಸತ್ಯವೂ ಆಗಿರುತ್ತದೆ.

3. ಮೋಡದ ದಿನಗಳು

ಮೋಡ ಮುಚ್ಚಿದ ಸಂಜೆಗಳಲ್ಲಿ, ಫೆರಿ ಕಟ್ಟೆಯ ಫಲಕದಲ್ಲಿ ಬರೆದಿರುವ ಸಮಯಕ್ಕೆ ಸರಿಯಾಗಿ ಸೂರ್ಯನು ಮುಳುಗಿದ್ದಾನೆಂದು ಪರಿಗಣಿಸತಕ್ಕದ್ದು. ನೋಡಿದವರೂ ನೋಡಿದ್ದಾರೆಂದೇ ಪರಿಗಣಿಸಲಾಗುವುದು. ಊರಿಗೆ ಹೋಗಿ ‘ನೋಡಿದೆವು’ ಎಂದು ಹೇಳಿಕೊಳ್ಳಲು ಇಲಾಖೆಯ ಅಭ್ಯಂತರವಿಲ್ಲ; ಬಣ್ಣ ಯಾವುದಿತ್ತು ಎಂದು ಕೇಳಿದರೆ ಕಿತ್ತಳೆ ಎಂದು ಉತ್ತರಿಸುವುದು.

4. ಫೋಟೋ

ಸೂರ್ಯಾಸ್ತ ನೋಡಲೆಂದು ಆರು ತಾಸು ಪ್ರಯಾಣ ಮಾಡಿ ಬಂದು, ಅದಕ್ಕೆ ಬೆನ್ನು ತಿರುಗಿಸಿ ನಿಂತು ತಮ್ಮ ಮುಖವನ್ನೇ ನೋಡಿಕೊಳ್ಳುವ ಪ್ರವೃತ್ತಿ ಕಂಡುಬಂದಿದೆ. ಇನ್ನು ಮುಂದೆ ಎಷ್ಟು ಹೊತ್ತು ಬೆನ್ನು ತೋರಿಸಲಾಗಿದೆಯೋ ಅಷ್ಟೇ ಹೊತ್ತು ಮುಖ ತೋರಿಸತಕ್ಕದ್ದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸೂರ್ಯನನ್ನು ಹಿಡಿದಂತೆ ಚಿತ್ರ ತೆಗೆಸಿಕೊಳ್ಳುವವರು, ಚಿತ್ರ ಮುಗಿದ ಮೇಲೆ ಸೂರ್ಯನನ್ನು ತೆಗೆದ ಜಾಗದಲ್ಲೇ ಮರಳಿ ಬಿಡತಕ್ಕದ್ದು. ಅಂಗೈಯಲ್ಲಿ ಇಟ್ಟುಕೊಳ್ಳುವವರು ಮೊದಲು ಕೈ ತೊಳೆದುಕೊಳ್ಳುವುದು.

5. ಹೊಗಳಿಕೆಯ ಮಿತಿ

ದ್ವೀಪದ ರೂಢಿಯಂತೆ ಸೂರ್ಯಾಸ್ತಕ್ಕೆ ಸಲ್ಲಬಹುದಾದ ಅತ್ಯುಚ್ಚ ಹೊಗಳಿಕೆ ‘ಪರವಾಗಿಲ್ಲ’ ಎಂಬುದಾಗಿದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ‘ಹ್ಞೂಂ’. ಸಾಧಾರಣ ಸೂರ್ಯಾಸ್ತಗಳಿಗೆ ಮೌನ ಸಾಕು. 1987ರಲ್ಲಿ ಇದೇ ಬಂಡೆಯ ಮೇಲೆ ನಿವಾಸಿಯೊಬ್ಬರು ‘ಎಷ್ಟು ಚೆನ್ನಾಗಿದೆ ಅಲ್ವಾ’ ಎಂದು ಗಟ್ಟಿಯಾಗಿ ಹೇಳಿಬಿಟ್ಟಿದ್ದು, ಆ ಮನೆತನದ ಬಗ್ಗೆ ಜನ ಇಂದಿಗೂ ದನಿ ತಗ್ಗಿಸಿ ಮಾತಾಡುತ್ತಾರೆ. ಹೊರಗಿನಿಂದ ಬಂದವರು ಒಂದು ಸಂಜೆಗೆ ಒಂದು ಬಾರಿ, ಮೆಲುದನಿಯಲ್ಲಿ, ‘ಅಬ್ಬ’ ಎನ್ನಬಹುದು. ಚಪ್ಪಾಳೆ ತಟ್ಟಬಾರದು. ತಟ್ಟಿದರೂ ಸೂರ್ಯ ಮತ್ತೆ ಮೇಲೆ ಬರುವ ಸಂಭವವಿಲ್ಲ.

6. ತಿಂಡಿ ಮತ್ತು ಕಡಲಹಕ್ಕಿ

ಥರ್ಮಸ್ಸಿನ ಕಾಫಿ, ದಾಲ್ಚಿನ್ನಿ ಬನ್ನು ತರಲು ಅವಕಾಶವಿದೆ. ಸೂರ್ಯನ ಕೆಳ ಅಂಚು ನೀರಿಗೆ ತಾಗುವ ಮುನ್ನ ಬನ್ನು ಮುಗಿಸತಕ್ಕದ್ದು, ಏಕೆಂದರೆ ಆಮೇಲೆ ಎಲ್ಲರೂ ಒಂದೇ ಕಡೆ ನೋಡುತ್ತಿರುತ್ತಾರೆ ಎಂಬುದು ಕಡಲಹಕ್ಕಿಗಳಿಗೆ ಗೊತ್ತಾಗಿಹೋಗಿದೆ.

ಈ ಸಂಬಂಧ ಜುಲೈ 21ರ ಘಟನೆಯನ್ನು ದಾಖಲಿಸುವುದು ಅಗತ್ಯ. ಸದರಿ ಸಂಜೆ ಕಡಲಹಕ್ಕಿಯೊಂದು ಹಗ್ಗ ದಾಟಿ ಬಂದು, ಹದಿನಾಲ್ಕನೇ ಬೆಂಚಿನ ಬಲ ತುದಿಯಲ್ಲಿ ಟೋಕನ್ ಇಲ್ಲದೆ ಕುಳಿತು, ಪೂರ್ತಿ ಸೂರ್ಯಾಸ್ತವನ್ನು ವೀಕ್ಷಿಸಿದೆ. ಸಾಲಿನಲ್ಲಿ ನಲವತ್ತಮೂರು ಜನ ನಿಂತಿದ್ದರೂ ಒಬ್ಬರೂ ಆಕ್ಷೇಪಿಸಿಲ್ಲ. ರಜೆಯ ನಂತರ ಲಿಖಿತವಾಗಿ ಕಾರಣ ಕೇಳಲಾಗಿ, “ಅದು ಮೊದಲು ಕೂತಿತ್ತಲ್ಲ, ಎಬ್ಬಿಸೋದು ಹೇಗೆ” ಎಂದು ಉತ್ತರಿಸಿದ್ದಾರೆ. ಗುನ್ವೊರ್ ಅವರ ಹೇಳಿಕೆ ಪಡೆಯಲಾಗಿ, “ಆ ಹಕ್ಕಿಗಿರೋ ಧೈರ್ಯ ಇಷ್ಟು ಜನಕ್ಕೂ ಸೇರಿ ಇಲ್ಲ. ಅರ್ಧ ಬನ್ ಕೊಟ್ಟೆ, ತಿಂತು. ಥ್ಯಾಂಕ್ಸ್ ಅನ್ಲಿಲ್ಲ, ಆದ್ರೂ ಕೂತಿತ್ತು” ಎಂದಿದ್ದಾರೆ.

7. ಟೋಕನ್ ಯಂತ್ರದ ಸ್ಥಿತಿಗತಿ

ಸದರಿ ಯಂತ್ರವು ಮೀನಂಗಡಿಯದ್ದಾಗಿರುವುದರಿಂದ ಪ್ರತಿ ಟೋಕನ್ನಿನ ಮೇಲೂ ‘ನಿಮ್ಮ ಮೀನಿಗಾಗಿ ದಯವಿಟ್ಟು ಕಾಯಿರಿ’ ಎಂದು ಮುದ್ರಿತವಾಗಿದೆ. ಇದನ್ನು ‘ಸೂರ್ಯನಿಗಾಗಿ’ ಎಂದು ಓದಿಕೊಳ್ಳತಕ್ಕದ್ದು. ಕಾಯುತ್ತಾ ನಿಂತ ಕೆಲವರು ನಿಜವಾಗಿಯೂ ಮೀನು ನಿರೀಕ್ಷಿಸುತ್ತಿದ್ದರೆಂಬುದು ವಿಷಾದನೀಯ. ಅಂಥವರಲ್ಲಿ ಒಬ್ಬರು ಸಬ್ಬಸಿಗೆ ಸೊಪ್ಪನ್ನೂ ತಂದಿದ್ದರು.

ಯಂತ್ರದ ಮೇಲಿನ ಫಲಕದಲ್ಲಿ 31 ಎಂಬ ಅಂಕಿ ನಿಂತುಹೋಗಿದೆ. ಅಂಗಡಿ ಮುಚ್ಚಿದ ದಿನ ಕೊನೆಯದಾಗಿ ಕರೆದ ಗಿರಾಕಿಯ ಸಂಖ್ಯೆ ಅದು. ಅಂಕಿಯನ್ನು ಮುಂದೂಡಲು ತಂತಿಯಿಲ್ಲದ ಒಂದು ಗುಂಡಿ ಇರಬೇಕಾಗಿದ್ದು, ಯಂತ್ರವನ್ನು ಸಾಗಿಸುವಾಗ ಅದು ಸಿಕ್ಕಿರುವುದಿಲ್ಲ. ಗುಂಡಿ ಎಲ್ಲಿದೆ ಎಂದು ಇಲಾಖೆಯು ಯಾರನ್ನೂ ಕೇಳಲಿಲ್ಲ, ಬಾಯಿಬಿಟ್ಟು ಕೇಳುವ ಪದ್ಧತಿ ಇಲಾಖೆಯಲ್ಲಿ ಇಲ್ಲ.

ಹೀಗಾಗಿ ಮೇ 30ರಿಂದ ಈಚೆಗೆ 32ರಿಂದ 986ರವರೆಗಿನ ಟೋಕನ್‌ಗಳು ವಿತರಣೆಯಾಗಿದ್ದು, ಫಲಕ ಮಾತ್ರ 31ರಲ್ಲೇ ಇದೆ. ಜನರು ತಾಳ್ಮೆಯಿಂದಿದ್ದಾರೆ. ಟೋಕನ್ ಇಟ್ಟುಕೊಂಡು ಮರುದಿನವೂ ಬರುತ್ತಾರೆ. ರಜೆ ಮುಗಿದು ಊರಿಗೆ ಹೊರಟವರು ನಂತರ ಬರುವ ನೆಂಟರಿಗೆ ಟೋಕನ್ ವಹಿಸಿಕೊಟ್ಟು ಹೋಗಿದ್ದಾರೆ. ಸ್ಯಾಂಡೆಲ್ ಅವರ 417ನೇ ಟೋಕನ್ ಈಗ ಅವರ ಷಡ್ಡಕನ ಬಳಿ ಇದ್ದು, ಷಡ್ಡಕನು ತನ್ನ ಸರದಿ ಮುಂದಿನ ಬೇಸಿಗೆಗೆ ಬರಬಹುದೆಂದು ಲೆಕ್ಕ ಹಾಕಿ ಈಗಲೇ ಕೋಣೆ ಕಾದಿರಿಸಿದ್ದಾನೆ. 32ನೇ ಟೋಕನ್ ಯಾರ ಬಳಿ ಇದೆ ಎಂಬ ಬಗ್ಗೆ ಕೆಳಗಿನ ಅಂಶ 9ನ್ನು ನೋಡುವುದು.

8. ಪ್ರಾಯೋಗಿಕ ಸಂಜೆಗಳು

ಉಲ್ಲೇಖ 3ರ ಪತ್ರ ಒಡೆದ ಎಂಟೇ ದಿನಗಳಲ್ಲಿ, ಇಲಾಖೆಯ ಇತಿಹಾಸದಲ್ಲೇ ಇಲ್ಲದ ತ್ವರಿತಗತಿಯಲ್ಲಿ, ಪ್ರಯೋಗಗಳನ್ನು ಆರಂಭಿಸಲಾಯಿತು.

ಆಗಸ್ಟ್ 15: ಹಗ್ಗ ಬಿಚ್ಚಿ, ಬಲ ತುದಿಯಲ್ಲಿ ಯಾರಾದರೂ ಕೂರಬಹುದೆಂದು ಸಾಲಿಗೆ ಮೌಖಿಕವಾಗಿ ತಿಳಿಸಲಾಯಿತು. ಮುಂದಿದ್ದವರು ಹಿಂದಿನವರತ್ತ ತಿರುಗಿ, “ನನಗೇನೂ ಆತುರ ಇಲ್ಲ, ನೀವು ಹೋಗಿ” ಎಂದರು. ಅವರು ತಮ್ಮ ಹಿಂದಿನವರಿಗೆ ಅದನ್ನೇ ಹೇಳಿದರು. ಹೀಗೆ ಈ ಮಾತು ಇಪ್ಪತ್ತಾರು ಜನರನ್ನು ದಾಟಿ ಸಾಲಿನ ಕಟ್ಟಕಡೆಯ ವ್ಯಕ್ತಿಗೆ ತಲುಪಿತು. ಅವರ ಹಿಂದೆ ಯಾರೂ ಇಲ್ಲದ್ದರಿಂದ ಅವರು ಸ್ವಲ್ಪ ಯೋಚಿಸಿ, ಫೆರಿ ಹತ್ತಿ ಮನೆಗೆ ಹೋದರು.

ಆಗಸ್ಟ್ 16: ‘ಇಲ್ಲಿ ಕೂರಬಹುದು’ ಎಂಬ ಫಲಕ ಹಾಕಲಾಯಿತು. ಜನ ಹತ್ತಿರ ಬಂದು ಫಲಕವನ್ನು ಓದಿದರು. ಅಕ್ಷರ ದುಂಡಾಗಿದೆಯೆಂದು ಮೆಚ್ಚಿದರು. ಮತ್ತೆ ಗೆರೆಯ ಹಿಂದೆ ಹೋಗಿ ನಿಂತರು.

ಆಗಸ್ಟ್ 17: ಆಕೆಯ ಪಕ್ಕ ಕೂರುವುದರಿಂದ ಅಪಾಯವಿಲ್ಲವೆಂದು ತೋರಿಸಿಕೊಡಲು, ಇಲಾಖೆಯ ಹಳೆಯ ಮಳೆಯಂಗಿಯೊಂದಕ್ಕೆ ಹುಲ್ಲು ತುಂಬಿ ಟೋಪಿ ಹಾಕಿ ಬೆಂಚಿನ ನಡುವೆ ಕೂರಿಸಲಾಯಿತು. ಪರಿಣಾಮವಾಗಿ ಬೆಂಚಿನಲ್ಲಿ ಇಬ್ಬರಿದ್ದಾರೆಂದು ಭಾವಿಸಿ ಸಾಲು ಇನ್ನೂ ಎರಡು ಮೀಟರ್ ಹಿಂದೆ ಸರಿಯಿತು. ಗುನ್ವೊರ್ ಅವರು ಹುಲ್ಲಿನ ಮನುಷ್ಯನನ್ನು ಒಮ್ಮೆ ನೋಡಿ, ಟೋಪಿ ಸರಿಮಾಡಿ, “ಕೊನೆಗೆ ಇವನೇನಾ ಸಿಕ್ಕಿದ್ದು” ಎಂದು ಹೇಳಿರುವುದನ್ನು ಸಾಲಿನ ಮುಂಭಾಗದವರು ಕೇಳಿಸಿಕೊಂಡಿದ್ದಾರೆ. ಆ ಸಂಜೆ ಅವರು ಸೂರ್ಯ ಮುಳುಗುವ ಮೊದಲೇ ಎದ್ದು ಹೋದರು. ಈ ಬೇಸಿಗೆಯಲ್ಲಿ ಹಾಗಾದದ್ದು ಅದೇ ಮೊದಲು. ಅವರು ಎದ್ದ ಮೇಲೆ ಬೆಂಚಿನಲ್ಲಿ ಹುಲ್ಲಿನ ಮನುಷ್ಯ ಒಬ್ಬನೇ ಉಳಿದರೂ ಸಾಲಿನವರು ಕೂರಲಿಲ್ಲ. ಕೆಳಗೆ ಸಹಿ ಮಾಡಿರುವವರಿಗೆ ಅಂದು ಬಹಳ ನಾಚಿಕೆಯಾಯಿತು ಎಂಬುದನ್ನು ಕಡತದಲ್ಲಿ ದಾಖಲಿಸಲಾಗಿದೆ.

9. ಆಗಸ್ಟ್ 18ರ ಸಂಜೆ

18ರ ಬೆಳಿಗ್ಗೆ ಗುನ್ವೊರ್ ಅವರ ಮನೆಗೆ ತನಿಖಾ ನಮೂನೆಯೊಂದನ್ನು ಕಳುಹಿಸಿ ಹತ್ತು ಕಲಂಗಳನ್ನು ತುಂಬಿಕೊಡಲು ಕೋರಲಾಯಿತು. ಒಂಬತ್ತು ಕಲಂಗಳನ್ನು ಅವರು ಖಾಲಿ ಬಿಟ್ಟಿದ್ದಾರೆ. ‘ಬೇರೇನಾದರೂ ಹೇಳುವುದಿದೆಯೇ’ ಎಂಬ ಹತ್ತನೆಯ ಕಲಮಿನಲ್ಲಿ ಹೀಗೆ ಬರೆದಿದ್ದಾರೆ: “ಗುಂಡಿ ನನ್ನ ಏಪ್ರನ್ ಜೇಬಲ್ಲೇ ಇದೆ. ಕೊನೇ ದಿನ ಜೇಬಿಗೆ ಹಾಕ್ಕೊಂಡಿದ್ದು, ಹಾಗೇ ಉಳೀತು. ಯಂತ್ರ ಈಗ ಪುರಸಭೇದು, ನಾನಾಗಿ ಒತ್ತೋದು ಸರಿಯಲ್ಲ. ಯಾರಾದ್ರೂ ಕೇಳ್ತಾರೇನೋ ಅಂತ ಮೇ ತಿಂಗಳಿಂದ ಕಾಯ್ತಾ ಇದ್ದೀನಿ.”

ಗುಂಡಿ ಒತ್ತಲು ಮಧ್ಯಾಹ್ನವೇ ಲಿಖಿತ ಅನುಮತಿ ನೀಡಲಾಯಿತು.

ಸಂಜೆ 8 ಗಂಟೆ 20 ನಿಮಿಷಕ್ಕೆ ಸಾಲಿನಲ್ಲಿ ಮೂವತ್ತೇಳು ಜನರಿದ್ದರು. ಕೆಳಗೆ ಸಹಿ ಮಾಡಿರುವವರು ಪರಿಶೀಲನೆಯ ಉದ್ದೇಶದಿಂದ ಮಾತ್ರ ಪಕ್ಕದಲ್ಲಿ ನಿಂತಿದ್ದರು. ಗುನ್ವೊರ್ ಅವರು ತಿರುಗಿ ನೋಡದೆ ಏಪ್ರನ್ ಜೇಬಿಗೆ ಕೈ ಹಾಕಿ ಗುಂಡಿ ಒತ್ತಿದರು. ‘ಟಿಣ್’ ಎಂದಿತು. ಎರಡು ವರ್ಷಗಳಿಂದ 31 ತೋರಿಸುತ್ತಿದ್ದ ಫಲಕವು 32ಕ್ಕೆ ಬಂತು. ಮೂವತ್ತೇಳು ಜನರೂ ತಮ್ಮ ತಮ್ಮ ಟೋಕನ್ ನೋಡಿಕೊಂಡರು. ಯಾರೂ ಅಲುಗಲಿಲ್ಲ. ಆಗ ಅವರು, ಅಂಗಡಿಯಲ್ಲಿ ಮೂವತ್ತು ವರ್ಷ ಕರೆದ ಅದೇ ದನಿಯಲ್ಲಿ, ಕಡಲ ಕಡೆಗೇ ಮುಖ ಮಾಡಿಕೊಂಡು, “ಮೂವತ್ತೆರಡು” ಎಂದು ಕರೆದರು. ಸ್ವಲ್ಪ ಹೊತ್ತು ಬಿಟ್ಟು, “ಮೂವತ್ತೆರಡು ಯಾರ್ರೀ” ಎಂದರು.

ಮೇ 30ರಂದು ಯಂತ್ರವನ್ನು ನೆಟ್ಟ ದಿನ, ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಮೊದಲ ಟೋಕನ್ನನ್ನು ಕೆಳಗೆ ಸಹಿ ಮಾಡಿರುವವರೇ ಹರಿದಿದ್ದರು. ಸರ್ಕಾರಿ ಕಾಗದ ಎಸೆಯಬಾರದೆಂಬ ಕಾರಣಕ್ಕೆ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದು, ಆಮೇಲೆ ಮರೆತಿದ್ದರು. 18ರ ಸಂಜೆ ಪರ್ಸು ತೆರೆದು ನೋಡಲಾಗಿ, ಟೋಕನ್ ಅಲ್ಲೇ ಇತ್ತು. ಸಂಖ್ಯೆ 32. ಅಂದರೆ, ಗುಂಡಿ ಇದ್ದಿದ್ದರೂ ಈ ಬೇಸಿಗೆಯಲ್ಲಿ ಮೊದಲು ಹೋಗಿ ಕೂರಬೇಕಾಗಿದ್ದವರು ಅವರೇ. ಒಂಬೈನೂರ ಐವತ್ತನಾಲ್ಕು ಜನರು ಅವರ ಹಿಂದೆ ಕಾಯುತ್ತಿದ್ದರು, ಅವರಾದರೋ ಸುತ್ತೋಲೆ ಬರೆಯುತ್ತಾ ಕುಳಿತಿದ್ದರು.

ಸಂಖ್ಯೆ ಕರೆದ ಮೇಲೆ ಹೋಗದಿರಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಕೆಳಗೆ ಸಹಿ ಮಾಡಿರುವವರು ಬಿಳಿ ಗೆರೆ ದಾಟಿ, ಆರು ಹೆಜ್ಜೆ ನಡೆದು, ಬೆಂಚಿನ ಬಲ ತುದಿಯಲ್ಲಿ ಕುಳಿತರು. ಗುನ್ವೊರ್ ಅವರು ಟೋಕನ್ ಇಸಿದುಕೊಂಡು, ಅಭ್ಯಾಸಬಲದಿಂದ, “ಏನ್ ಕೊಡ್ಲಿ?” ಎಂದು ಕೇಳಿದರು. “ಏನೂ ಬೇಡ, ಕೂರೋಕೆ ಬಂದೆ” ಎಂದು ಉತ್ತರಿಸಲಾಯಿತು. ಅವರು ಕೈಚೀಲದಿಂದ ಥರ್ಮಸ್ ಮತ್ತು ಎರಡು ಕಪ್ಪು ತೆಗೆದರು. ಎರಡನೆಯ ಕಪ್ಪನ್ನು ಮೇ ತಿಂಗಳಿನಿಂದ ಪ್ರತಿದಿನ ತಂದು, ಪ್ರತಿದಿನ ತೊಳೆಯುವ ಅಗತ್ಯವಿಲ್ಲದೆ ವಾಪಸು ಒಯ್ಯಲಾಗುತ್ತಿತ್ತು ಎಂಬುದು ವಿಚಾರಣೆಯಿಂದ ತಿಳಿದುಬಂದಿದೆ. ಕಾಫಿ ಬಿಸಿಯಾಗಿತ್ತು.

8 ಗಂಟೆ 44 ನಿಮಿಷಕ್ಕೆ ಸೂರ್ಯ ಮುಳುಗಿದ. ಅ ದರ್ಜೆ. ಕೆಳಗೆ ಸಹಿ ಮಾಡಿರುವವರು ಇಪ್ಪತ್ತಾರು ವರ್ಷಗಳಿಂದ ಇದೇ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದು, ಹದಿನಾಲ್ಕನೇ ಬೆಂಚಿನಲ್ಲಿ ಕುಳಿತು ಹೊತ್ತು ಮುಳುಗುವುದನ್ನು ನೋಡಿದ್ದು ಇದೇ ಮೊದಲು. ಆ ಬಗ್ಗೆ ಬರೆಯಲು ಸುತ್ತೋಲೆಯಲ್ಲಿ ಕಲಂ ಇಲ್ಲ. ಚೆನ್ನಾಗಿತ್ತು. (ಅಂಶ 5ರ ಉಲ್ಲಂಘನೆಯಾಗಿರುವುದನ್ನು ಒಪ್ಪಿಕೊಳ್ಳಲಾಗಿದೆ. ವಿವರಣೆಯನ್ನು ಪ್ರತ್ಯೇಕವಾಗಿ ಸಲ್ಲಿಸಲಾಗುವುದು.)

ಕತ್ತಲಾಗುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದರು. ಏಳುವಾಗ ಗುನ್ವೊರ್ ಅವರು ಕಪ್ಪುಗಳನ್ನು ಕೈಚೀಲಕ್ಕೆ ಹಾಕಿ, ಎದುರಿನ ಕಡಲನ್ನು ನೋಡುತ್ತಾ, “ಪರವಾಗಿಲ್ಲ” ಎಂದರು. ಇದು ಸೂರ್ಯಾಸ್ತದ ಕುರಿತೋ ಇಲಾಖೆಯ ಕುರಿತೋ ಎಂದು ಸ್ಪಷ್ಟೀಕರಣ ಕೇಳಿಲ್ಲ.

10. ಆದೇಶಗಳು

ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ಈ ದಿನ ಸಂಜೆಯಿಂದಲೇ ಜಾರಿಗೆ ಬರುವಂತೆ:

(ಅ) ಒಬ್ಬರು ಕುಳಿತಿರುವ ಬೆಂಚನ್ನು ಭರ್ತಿಯಾದ ಬೆಂಚೆಂದು ಪರಿಗಣಿಸುವುದನ್ನು ದ್ವೀಪದ ಮಟ್ಟಿಗೆ ರದ್ದುಪಡಿಸಲಾಗಿದೆ. ಬಸ್ಸಿನ ಸೀಟುಗಳಿಗೆ ಇದು ಅನ್ವಯಿಸುವುದಿಲ್ಲ. ಒಮ್ಮೆಗೇ ಅಷ್ಟೊಂದು ಬದಲಾವಣೆ ಜನರಿಗೆ ತಡೆಯಲಾಗದು.

(ಆ) ‘ಆಸನ ಭರ್ತಿಯಾಗಿದೆ’ ಫಲಕವನ್ನು ತೆಗೆಯಲಾಗಿದೆ. ಬಿಳಿ ಗೆರೆಯನ್ನು ಅಳಿಸಲು ದಡದ ಊರಿನಿಂದ ಯಂತ್ರ ಬರಬೇಕಿದ್ದು, ಅಕ್ಟೋಬರ್‌ನಲ್ಲಿ ಬರುವುದು. ಅಲ್ಲಿಯವರೆಗೆ ಗೆರೆ ಇಲ್ಲವೆಂದು ತಿಳಿಯತಕ್ಕದ್ದು. ಹುಲ್ಲಿನ ಮನುಷ್ಯನನ್ನು ಕಛೇರಿಯ ಸ್ವಾಗತ ಕೋಣೆಗೆ ವರ್ಗಾಯಿಸಲಾಗಿದೆ. ಅಲ್ಲಿ ಈಗಾಗಲೇ ಎರಡು ದೂರುಗಳನ್ನು ಸ್ವೀಕರಿಸಿದ್ದಾನೆ.

(ಇ) ಗುಂಡಿಯನ್ನು ಗುನ್ವೊರ್ ಹಾಲ್ಬೆಕ್ ಅವರ ಏಪ್ರನ್ ಜೇಬಿನಲ್ಲೇ ಮುಂದುವರಿಸಲಾಗಿದೆ. ಪ್ರತಿ ಸಂಜೆ ಅವರು ತಮಗಿಷ್ಟವಾದಷ್ಟು ಸಂಖ್ಯೆಗಳನ್ನು ಕರೆಯಬಹುದು. ಕರೆದವರು ಹೋಗಿ ಕೂರತಕ್ಕದ್ದು. ಮಾತಾಡುವುದು ಕಡ್ಡಾಯವಲ್ಲ. ಕಾಫಿ ಕೊಟ್ಟರೆ ‘ಬೇಡ, ಪರವಾಗಿಲ್ಲ’ ಎಂದು ಮೂರು ಬಾರಿ ಹೇಳಿ ನಾಲ್ಕನೆಯ ಬಾರಿ ತೆಗೆದುಕೊಳ್ಳುವ ರೂಢಿಯನ್ನು ಸಮಯದ ಅಭಾವದಿಂದ ಒಂದು ಬಾರಿಗೆ ಇಳಿಸಲಾಗಿದೆ.

(ಈ) ಸೆಪ್ಟೆಂಬರ್ 9ರ ನಂತರವೂ, ಹೊಗೆಮನೆಯ ಗೋಡೆಯನ್ನು ನೋಡುತ್ತಾ ಕೂರಲು ಬಯಸುವವರು ಕೂರಬಹುದು. ಅದನ್ನು ಇ ದರ್ಜೆಯ ಜಾಗವೆಂದು ವರ್ಗೀಕರಿಸಲಾಗಿದ್ದರೂ, ಇಬ್ಬರು ಕುಳಿತಿದ್ದಲ್ಲಿ ‘ಆ’ ದರ್ಜೆಗೆ ಬಡ್ತಿ ನೀಡಲಾಗುವುದು. ಕೆಳಗೆ ಸಹಿ ಮಾಡಿರುವವರು ಮಂಗಳವಾರಗಳಂದು ಲಭ್ಯರಿರುತ್ತಾರೆ.

(ಉ) ಫೆರಿ ಕಟ್ಟೆಯಲ್ಲಿ ಸೂರ್ಯಾಸ್ತಕ್ಕೆ ಒಳ್ಳೆಯ ಜಾಗ ಯಾವುದೆಂದು ಕೇಳುವವರಿಗೆ ಇನ್ನು ಮುಂದೆ ನಿವಾಸಿಗಳು ಕೊಡಬೇಕಾದ ಉತ್ತರ: ‘ಪಡುವಣ ಬಂಡೆ ಮೇಲೆ ಗುನ್ವೊರ್ ಕೂತಿರ್ತಾರೆ. ಅವರ ಪಕ್ಕ.’

ಓದಿ ಅರ್ಥವಾಗದವರು ಬೆಂಚಿನ ಬಳಿ ಬಂದು ನೋಡಿ ತಿಳಿದುಕೊಳ್ಳತಕ್ಕದ್ದು.

(ಸಹಿ)
ಆಲ್ಗೊತ್ ರೂದೀನ್
ಹಿರಿಯ ಸಹಾಯಕ
ಮತ್ತು ಟೋಕನ್ ಸಂಖ್ಯೆ 32 (ಪೂರೈಸಲಾಗಿದೆ)

ಪ್ರತಿಗಳು:
1. ಫೆರಿ ದೋಣಿಯ ಚಾಲಕರಿಗೆ, ಗಟ್ಟಿಯಾಗಿ ಓದಲು.
2. ದೋಣಿ ರಿಪೇರಿ ಶೆಡ್ಡಿಗೆ, ದೀಪ ಆರಿಸುವ ಕುರಿತು.
3. ಹಿಲ್ಡಿಂಗ್ ಸ್ಯಾಂಡೆಲ್, ಫಾಲುನ್, ಹಾಗೂ ಅವರ ಷಡ್ಡಕನಿಗೆ. ಕಾದಿರಿಸಿದ ಕೋಣೆಯನ್ನು ರದ್ದುಪಡಿಸುವ ಅಗತ್ಯವಿಲ್ಲ.
4. ಕಡಲಹಕ್ಕಿಗೆ, ಮಾಹಿತಿಗಾಗಿ. ಮಾದರಿ ನಡವಳಿಕೆಗಾಗಿ ಇಲಾಖೆಯ ಮೆಚ್ಚುಗೆಯನ್ನು ಇದರೊಂದಿಗೆ ಲಗತ್ತಿಸಿದೆ (ಅರ್ಧ ಬನ್ನು).
5. ಹುಲ್ಲಿನ ಮನುಷ್ಯನಿಗೆ, ಸ್ವಾಗತ ಕೋಣೆ.
6. ಗುನ್ವೊರ್ ಹಾಲ್ಬೆಕ್ ಅವರಿಗೆ, ಜುಲೈ 2ರ ಪತ್ರಕ್ಕೆ ಉತ್ತರವಾಗಿ: ನಿಮ್ಮಿಂದ ಯಾವ ತಪ್ಪೂ ಆಗಿರುವುದಿಲ್ಲ.
7. ಕಡತಕ್ಕೆ.
8. ಟೋಕನ್ ಸಂಖ್ಯೆ 33 ಇರುವವರಿಗೆ: ಇವತ್ತು ಸಂಜೆ 8 ಗಂಟೆ 41 ನಿಮಿಷ. ಕರೆದಾಗ ಹಿಂದಿನವರನ್ನು ನೋಡಬೇಡಿ.